ಹಫ್ತಾ ಬೆದರಿಕೆಗೆ ಊರು ಬಿಟ್ಟು ಕೆನಡಾಕ್ಕೆ ಬಂದವರಿಗೆ

ಇಂಥ ಆಶ್ರಯ ಅರ್ಜಿಗಳು ಬಿದ್ದುಹೋಗುವುದು ಬೆದರಿಕೆ ಸುಳ್ಳು ಅಂತ ಮಾತ್ರ ಅಲ್ಲ. ಎಷ್ಟೋ ಸಲ ಈ ಅರ್ಜಿಗಳನ್ನು ತೀರ್ಮಾನಿಸುವ ಕೆನಡಾದ ವಲಸೆ ಮತ್ತು ನಿರಾಶ್ರಿತರ ಮಂಡಳಿಯ ಸದಸ್ಯರು ಎಲ್ಲವನ್ನೂ ನಂಬುತ್ತಾರೆ, ಆಮೇಲೆ "ಭಾರತದಲ್ಲೇ ಬೇರೆ ಊರಿಗೆ ಹೋಗಬಹುದಿತ್ತಲ್ಲ?" ಎನ್ನುತ್ತಾರೆ. ಅದಕ್ಕೆ ಉತ್ತರವಿಲ್ಲದೆ ಒಳ್ಳೆಯ ಅರ್ಜಿಗಳೂ ಸೋಲುತ್ತವೆ.

ಕೆನಡಾದ ವಲಸೆ ಕಾಯ್ದೆಯ 96ನೇ ಸೆಕ್ಷನ್ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ನಿರ್ದಿಷ್ಟ ಸಾಮಾಜಿಕ ಗುಂಪು ಈ ಐದು ಕಾರಣಗಳಿಗೆ ಮಾತ್ರ. ದುಡ್ಡಿಗಾಗಿ ಬಂದ ಬೆದರಿಕೆ ಅದರಲ್ಲಿ ಸುಲಭಕ್ಕೆ ಸೇರುವುದಿಲ್ಲ. ಗ್ಯಾಂಗಿಗೂ ಅಧಿಕಾರಿಗಳಿಗೂ ಇರುವ ನಂಟಿನ ವಿರುದ್ಧ ನೀವು ದೂರು ಕೊಟ್ಟಿದ್ದರೆ ಅದನ್ನು ರಾಜಕೀಯ ಅಭಿಪ್ರಾಯವೆಂದು ವಾದಿಸಬಹುದು. ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯದ 2000ನೇ ಇಸವಿಯ ಕ್ಲಿಂಕೊ ತೀರ್ಪು ಆ ದಾರಿ ತೆರೆದಿದೆ. ಉಳಿದವರಿಗೆ 97ನೇ ಸೆಕ್ಷನ್, ಅಂದರೆ ಜೀವಕ್ಕೆ ಅಪಾಯ ಅಥವಾ ಕ್ರೂರ ಹಿಂಸೆಯ ಭಯ ಇರುವವರಿಗೆ ರಕ್ಷಣೆ ಕೊಡುವ ಸೆಕ್ಷನ್. ಅಲ್ಲಿ, ಊರಿನವರಿಗೆಲ್ಲ ಇರುವ ಅಪಾಯ ಲೆಕ್ಕಕ್ಕಿಲ್ಲ. "ನಮ್ಮ ಕಡೆ ವ್ಯಾಪಾರಸ್ಥರಿಗೆಲ್ಲ ಈ ಕಾಟ ಇದ್ದದ್ದೇ" ಎಂದು ಬರೆದರೆ ನಿಮ್ಮ ಕೇಸನ್ನು ನೀವೇ ಕೆಡಿಸಿಕೊಂಡಂತೆ. ಕೊಡುವುದಿಲ್ಲ ಎಂದ ಮೇಲೆ, ದೂರು ಕೊಟ್ಟ ಮೇಲೆ, ಸಾಕ್ಷಿ ಹೇಳಿದ ಮೇಲೆ ಬೆದರಿಕೆ ಹೇಗೆ ನಿಮ್ಮೊಬ್ಬರ ಮೇಲೆ ತಿರುಗಿತು ಎಂಬುದನ್ನು ತಾರೀಖಿನ ಸಮೇತ ಬರೆಯಿರಿ.

"ಪೊಲೀಸರೂ ಅವರ ಕಡೆಯವರೇ" ಎಂಬ ಒಂದು ಸಾಲು ಸಾಲದು. ಸರ್ಕಾರ ತನ್ನ ಪ್ರಜೆಯನ್ನು ಕಾಪಾಡುತ್ತದೆ ಎಂದೇ ಕಾನೂನು ನಂಬಿ ಹೊರಡುತ್ತದೆ (ಕೆನಡಾ ಸುಪ್ರೀಂ ಕೋರ್ಟಿನ ವಾರ್ಡ್ ತೀರ್ಪು, 1993). ಸುಲಿಗೆ ಕರೆಗಳ ಆರೋಪಿ ರವಿ ಪೂಜಾರಿಯನ್ನು 2020ರಲ್ಲಿ ಸೆನೆಗಲ್‌ನಿಂದ ಬೆಂಗಳೂರಿಗೆ ಹಿಡಿದು ತಂದಂಥ ಸಂಗತಿಯನ್ನು ಮಂಡಳಿ ಸರ್ಕಾರ ಕಾಪಾಡುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ನಿಮ್ಮ ಎದುರೇ ಇಡಬಹುದು. ಠಾಣೆಯಲ್ಲಿ ಎಫ್‌ಐಆರ್ ಹಾಕದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಹೀಗೆ ಮಾಡಿದ್ದರೆ ಅಂಚೆಯ ರಸೀದಿಯನ್ನೂ ಕೊಡಿ. ಮಾಡದಿದ್ದರೆ ಏಕೆಂದು ವಿವರಿಸಿ.

ಇನ್ನು ಬೇರೆ ಊರಿನ ಪ್ರಶ್ನೆ. ಮಂಡಳಿ ಮುಂಬೈ, ದೆಹಲಿ ಎಂದು ಊರಿನ ಹೆಸರು ಹಿಡಿದೇ ಕೇಳುತ್ತದೆ. ಗ್ಯಾಂಗಿಗೆ ನಿಮ್ಮನ್ನು ಅಲ್ಲಿ ಹುಡುಕುವ ಶಕ್ತಿ ಇದೆಯೇ, ಈಗಲೂ ಹುಡುಕುವ ಹಟ ಇದೆಯೇ, ಎರಡನ್ನೂ ತೋರಿಸಬೇಕು. ನೀವು ಬಂದ ಮೇಲೆ ಯಾರು, ಯಾವತ್ತು ಮನೆ ಬಾಗಿಲಿಗೆ ಬಂದು ಏನು ಕೇಳಿದರು ಎಂದು ಅಪ್ಪ ಅಮ್ಮನಿಂದ ಅಫಿಡವಿಟ್ ಮಾಡಿಸಿ ತರಿಸಿ. ಆಧಾರ್‌ನಿಂದ ಹಿಡಿದುಬಿಡುತ್ತಾರೆ ಎಂದರೆ ಸಾಲದು; ಆ ಮಾಹಿತಿ ಅವರ ಕೈಗೆ ಹೇಗೆ ಸಿಗುತ್ತದೆ ಎಂದು ಹೇಳಬೇಕು. ಅಲ್ಲಿನ ಭಾಷೆ ಬಾರದು, ಕೆಲಸ ಸಿಗದು ಎಂಬುದು ಒಂಟಿಯಾಗಿ ನಿಲ್ಲುವುದಿಲ್ಲ.

ವಾಟ್ಸಾಪ್ ಸ್ಕ್ರೀನ್‌ಶಾಟಿನಲ್ಲಿ ನೀವು ಸೇವ್ ಮಾಡಿಕೊಂಡ ಹೆಸರಷ್ಟೇ ಇದ್ದರೆ ಪ್ರಯೋಜನವಿಲ್ಲ. ಪೂರ್ತಿ ನಂಬರು, ತಾರೀಖು, ಸಮಯ ಕಾಣಬೇಕು. ಹಳೆಯ ಫೋನನ್ನು ಮಾರಬೇಡಿ. ವಾಯ್ಸ್ ಮೆಸೇಜನ್ನು ಕನ್ನಡದಲ್ಲಿ ಬರೆದು, ಇಂಗ್ಲಿಷಿಗೋ ಫ್ರೆಂಚಿಗೋ ಅನುವಾದಿಸಿ, ಅನುವಾದಕರ ಘೋಷಣೆ ಲಗತ್ತಿಸಿ. ವಿಚಾರಣೆಗೆ 10 ದಿನ ಮೊದಲೇ ಎಲ್ಲ ತಲುಪಬೇಕು.

ರೆಡಿಮೇಡ್ ಕಥೆ ಮಾರುವವರನ್ನು ದಯವಿಟ್ಟು ನಂಬಬೇಡಿ. ಒಂದೇ ಕಥೆ ಹತ್ತು ಅರ್ಜಿಗಳಲ್ಲಿ ಕಂಡರೆ ನಿಜವಾಗಿ ಪೆಟ್ಟು ತಿಂದವನ ಮಾತಿಗೂ ಬೆಲೆ ಹೋಗುತ್ತದೆ. ಏರ್‌ಪೋರ್ಟಿನಲ್ಲಿ ನೀವು ಹೇಳಿದ್ದು ಬರಹದಲ್ಲಿ ಮಂಡಳಿಗೆ ಸಿಗುತ್ತದೆ. ತಪ್ಪಿದ್ದರೆ ಮೊದಲೇ ತಿದ್ದಿಸಿ. ವಕೀಲರಲ್ಲದ ಕನ್ಸಲ್ಟೆಂಟ್ ಆದರೆ ಮಂಡಳಿಯ ಮುಂದೆ ಹಾಜರಾಗುವ ಪ್ರತ್ಯೇಕ ಲೈಸೆನ್ಸ್ ಇದೆಯೇ ನೋಡಿ. ಬೆರಳಚ್ಚು, ವೈದ್ಯಕೀಯ ಪರೀಕ್ಷೆ, ವರ್ಕ್ ಪರ್ಮಿಟ್ ಹೇಳಿದಂತೆ ಮಾಡಿದರೆ ಆಯಿತು.

ಗೆದ್ದ ಮೇಲಿನ ಮಾತನ್ನು ಈಗಲೇ ಮನೆಯಲ್ಲಿ ಕೂತು ಆಡಿಕೊಳ್ಳಿ. ಭಾರತದ ಹೊಸ ಪಾಸ್‌ಪೋರ್ಟ್ ಮಾಡಿಸಿದರೆ, ಊರಿಗೆ ಹೋಗಿ ಬಂದರೆ ಕೊಟ್ಟ ರಕ್ಷಣೆಯನ್ನು ಹಿಂಪಡೆಯಲು ಸರ್ಕಾರ ಅರ್ಜಿ ಹಾಕಬಹುದು. 2012ರ ತಿದ್ದುಪಡಿಯ ನಂತರ ಅದರ ಜೊತೆ ಪಿಆರ್ (ಕೆನಡಾದಲ್ಲಿ ಕಾಯಂ ವಾಸದ ಹಕ್ಕು) ಕೂಡ ಹೋಗಬಹುದು. ಅಂದರೆ ಕೆನಡಾದ ಪೌರತ್ವ ಬರುವ ತನಕ ತಂಗಿಯ ಮದುವೆಯಿಲ್ಲ, ಅಪ್ಪನ ಕೊನೆಯ ಕಾರ್ಯವಿಲ್ಲ, ಮಕ್ಕಳಿಗೆ ಅಜ್ಜಿಮನೆಯ ಬೇಸಿಗೆ ರಜೆಯಿಲ್ಲ. ಇದು ಸಣ್ಣ ನಷ್ಟವಲ್ಲ. ಹೆತ್ತವರನ್ನು ಮೂರನೇ ದೇಶದಲ್ಲಿ ಭೇಟಿಯಾಗುವುದಾದರೆ ನಿರಾಶ್ರಿತರ ಟ್ರಾವೆಲ್ ಡಾಕ್ಯುಮೆಂಟಿನ ಮೇಲೇ ಹೋಗಿ, ವೀಸಾ ಮೊದಲೇ ವಿಚಾರಿಸಿ. ಭಾರತದ ಕಾನ್ಸುಲೇಟಿನ ಬಾಗಿಲಿಗೆ ಹೋಗುವ ಮುಂಚೆ ವಕೀಲರನ್ನು ಕೇಳಿ.