ಕತೆಗಿಂತ ಮೊದಲು ಕಾನೂನು ಓದಿಸಿ

ನಾನು ಇತಿಹಾಸದ ಮೇಷ್ಟ್ರು. ಸಾಹಿತ್ಯ ಕಲಿಸುವ ಸಹೋದ್ಯೋಗಿಯ ಜೊತೆ ಸೇರಿ ಎರಡೂ ಪಾಠಗಳನ್ನು ಒಂದೇ ಪ್ರಶ್ನೆಗೆ ಕಟ್ಟಿ ನೋಡಿದೆ: ತಪ್ಪು ಅನ್ನಿಸಿದ ಕಾನೂನನ್ನು ಏನು ಮಾಡಬೇಕು?

ನಾವು ಹಾಕಿಕೊಂಡ ನಿಯಮ ಒಂದೇ. ಕತೆಗಿಂತ ಮೊದಲು ಕಾನೂನು. ಯಾರು ಮಾಡಿದ್ದು, ಏನು ಹೇಳುತ್ತದೆ, ಮುರಿದರೆ ಶಿಕ್ಷೆ ಏನು, ಇಷ್ಟು ಬೋರ್ಡಿನ ಮೇಲೆ ಬಂದ ಮೇಲೆಯೇ ಪಾಠ.

ಶುರು ಮಾಡಿದ್ದು ಪ್ರಾಚೀನ ಗ್ರೀಕ್ ನಾಟಕಕಾರ ಸೋಫೋಕ್ಲಿಸ್‌ನ ‘ಅಂತಿಗೊನೆ’ ನಾಟಕದಿಂದ. ನಗರದ ಮೇಲೆ ದಂಡೆತ್ತಿ ಬಂದು ಸತ್ತವನನ್ನು ಯಾರೂ ಮಣ್ಣು ಮಾಡಕೂಡದು, ಮಾಡಿದರೆ ಮರಣದಂಡನೆ ಎಂದು ರಾಜ ಕ್ರಿಯೋನ್‌ನ ಆಜ್ಞೆ. ಸತ್ತವನು ಅಂತಿಗೊನೆಯ ಅಣ್ಣ. ಅವಳು ಮಣ್ಣು ಹಾಕುತ್ತಾಳೆ. ಸಿಕ್ಕಿಬಿದ್ದಾಗ, ಹೌದು, ಮಾಡಿದ್ದು ನಾನೇ ಅನ್ನುತ್ತಾಳೆ. ಆಗ ನನ್ನ ತರಗತಿಯಲ್ಲಿ ಬಿಹಾರದ ಚಂಪಾರಣ್ ಸತ್ಯಾಗ್ರಹದ ಪಾಠ. 1917ರ ಏಪ್ರಿಲ್‌ನಲ್ಲಿ ಜಿಲ್ಲೆ ಬಿಟ್ಟು ಹೋಗಿ ಎಂಬ ಆದೇಶವನ್ನು ಗಾಂಧೀಜಿ ಪಾಲಿಸಲಿಲ್ಲ. ಮೋತಿಹಾರಿಯ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಕಾನೂನಿನ ಮೇಲೆ ಗೌರವ ಇಲ್ಲದೆ ಅಲ್ಲ, ಮನಸ್ಸಾಕ್ಷಿಯ ಮಾತಿಗೆ ತಲೆಬಾಗಿ ಹೀಗೆ ಮಾಡಿದೆ ಎಂದು ಹೇಳಿಕೆ ಕೊಟ್ಟರು. ಇಬ್ಬರೂ ಶಿಕ್ಷೆಯಿಂದ ನುಣುಚಿಕೊಳ್ಳಲು ನೋಡಲಿಲ್ಲ ಎಂಬುದನ್ನು ಮಕ್ಕಳೇ ಗುರುತಿಸಿದರು.

ಇಲ್ಲಿಗೇ ನಿಲ್ಲಿಸಿದರೆ ಚರ್ಚೆ ಸಪ್ಪೆ. ಎಲ್ಲರೂ ಅಂತಿಗೊನೆಯ ಪಕ್ಷ. ಸುಮ್ನೆ ಚಪ್ಪಾಳೆ ಹೊಡೆಯುವುದು ಸುಲಭ ಅಲ್ವಾ? ಅದಕ್ಕೇ ನ್ಯಾಯಾಧೀಶರ ಕುರ್ಚಿಯ ಕಡೆಗೆ ತಿರುಗಿದೆವು. 1922ರಲ್ಲಿ ಅಹಮದಾಬಾದ್‌ನಲ್ಲಿ ಗಾಂಧೀಜಿ ಮೇಲೆ ರಾಜದ್ರೋಹದ ವಿಚಾರಣೆ. ಈ ಕಾನೂನು ಕೆಟ್ಟದ್ದು ಅನ್ನಿಸಿದರೆ ಹುದ್ದೆ ಬಿಡಿ, ಸರಿ ಅನ್ನಿಸಿದರೆ ಅತಿ ಕಠಿಣ ಶಿಕ್ಷೆ ಕೊಡಿ ಎಂದು ಅವರು ನ್ಯಾಯಾಧೀಶ ಬ್ರೂಮ್‌ಫೀಲ್ಡ್‌ಗೆ ಹೇಳಿದರು. ಬ್ರೂಮ್‌ಫೀಲ್ಡ್ 6 ವರ್ಷ ಸಜೆ ಕೊಟ್ಟರು. ಮುಂದೆ ಸರ್ಕಾರ ಇದನ್ನು ಕಡಿಮೆ ಮಾಡಿದರೆ ನನಗಿಂತ ಜಾಸ್ತಿ ಸಂತೋಷಪಡುವವರು ಯಾರೂ ಇಲ್ಲ ಎಂದೂ ಹೇಳಿದರು.

ಅವರ ಜಾಗದಲ್ಲಿ ಕೂತು ಒಂದು ಪುಟ ಬರೆಯಿರಿ ಎಂದೆವು. ಹಲವರು ರಾಜೀನಾಮೆ ಬರೆದರು. ಒಬ್ಬಳು ಕೇಳಿದಳು: ಇವರು ಎದ್ದು ಹೋದರೆ ಆ ಕುರ್ಚಿಗೆ ಎಂಥವರು ಬರುತ್ತಾರೆ? ಇದಾದ ಮೇಲೆ ಕ್ರಿಯೋನ್ ಮತ್ತು ಅವನ ಮಗನ ಜಗಳವನ್ನು ಇನ್ನೊಮ್ಮೆ ಓದಿದಾಗ, ಕ್ರಿಯೋನ್ ಬರೀ ಖಳನಾಯಕನಾಗಿ ಉಳಿಯಲಿಲ್ಲ.

ಮನಸ್ಸಾಕ್ಷಿ ಯಾವಾಗಲೂ ಸರಿ ಎಂಬ ನಂಬಿಕೆಯನ್ನು ಅಲುಗಿಸಿದವನು ಮಾರ್ಕ್ ಟ್ವೈನ್ ಕಾದಂಬರಿಯ ಹುಡುಗ ಹಕ್‌ಲ್ಬೆರಿ ಫಿನ್. ಓಡಿಹೋಗುವ ಗುಲಾಮರಿಗೆ ನೆರವಾಗುವುದು ಅಮೆರಿಕದಲ್ಲಿ 1793ರಿಂದಲೇ ಅಪರಾಧ. 1850ರಲ್ಲಿ ಕಾನೂನು ಇನ್ನೂ ಬಿಗಿಯಾಗಿ, ದಂಡ 1000 ಡಾಲರ್‌ವರೆಗೆ, ಜೈಲು 6 ತಿಂಗಳವರೆಗೆ ಹೋಯಿತು. ಓಡಿಹೋಗುತ್ತಿರುವ ಗುಲಾಮ ಜಿಮ್‌ಗೆ ನೆರವಾಗುವ ಹಕ್‌ನನ್ನು ಚುಚ್ಚುವುದು ಪೊಲೀಸರ ಭಯವಲ್ಲ, ಅವನ ಮನಸ್ಸಾಕ್ಷಿಯೇ. ಸುತ್ತಲಿನವರು ಕಲಿಸಿದ ಮನಸ್ಸಾಕ್ಷಿ ಅದು. ನರಕಕ್ಕೆ ಹೋದರೂ ಸರಿ ಅಂದುಕೊಂಡೇ ಅವನು ಗೆಳೆಯನ ಕಡೆ ನಿಲ್ಲುತ್ತಾನೆ. ಇಲ್ಲಿ ನಾವಿಬ್ಬರೂ ಬೇಕೆಂದೇ ನಿಧಾನ ಮಾಡಿದೆವು.

ಪರೀಕ್ಷೆಗೆ ಸಾಕ್ರಟೀಸ್. ಗೆಳೆಯರು ಜೈಲಿನಿಂದ ಪಾರಾಗುವ ದಾರಿ ಮಾಡಿಕೊಟ್ಟರೂ ಅವನು ಹೋಗಲಿಲ್ಲ, ನಗರದ ಕಾನೂನಿಗೆ ಬದ್ಧ ಎಂದ. ಅವನೂ ಅಂತಿಗೊನೆಯೂ ಎದುರುಬದುರು ಕೂತರೆ ಏನು ವಾದ ಮಾಡುತ್ತಾರೆ? ಉತ್ತರಗಳನ್ನು ಇಬ್ಬರೂ ಸೇರಿ ತಿದ್ದಿದೆವು. ಯಾರ ಪರ ಬರೆದರು ಎಂಬುದಕ್ಕೆ ಅಂಕ ಇಲ್ಲ, ಕೊಟ್ಟ ಕಾರಣಕ್ಕೆ ಮಾತ್ರ.