ರೊಟೇಷನ್‌ಗೆ ಮುನ್ನ ಪ್ರೊಫೆಸರರ ಗಂಟು ಎಷ್ಟಿದೆ ನೋಡಿ

ಅಮೆರಿಕದಲ್ಲಿ ಜೀವವಿಜ್ಞಾನದ ಪಿಎಚ್‌ಡಿಗೆ ಸೀಟು ಸಿಕ್ಕಿತು ಎಂದರೆ ಲ್ಯಾಬ್ ಸಿಕ್ಕಿತು ಎಂದಲ್ಲ. ಹೆಚ್ಚಿನ ಕಡೆ ಮೊದಲ ವರ್ಷ ಎಂಟು-ಹತ್ತು ವಾರಗಳಂತೆ ಮೂರು ಲ್ಯಾಬ್‌ಗಳಲ್ಲಿ ರೊಟೇಷನ್, ಅಂದರೆ ಸರದಿಯಂತೆ ಪರೀಕ್ಷಾರ್ಥ ಕೆಲಸ, ಮಾಡಬೇಕು. ಅವುಗಳಲ್ಲಿ ಒಂದು ನಿಮ್ಮನ್ನು ಸೇರಿಸಿಕೊಳ್ಳಬೇಕು. ವೀಸಾ, ಚಳಿಗೆ ಕೋಟು, ಕುಕ್ಕರ್ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ನಾನು ಹೇಳುವುದು ಹಣದ ಮಾತು. ಏಕೆಂದರೆ ಕಳೆದ ವರ್ಷ ದಾವಣಗೆರೆಯಿಂದ ಬಂದ ಹುಡುಗಿಯೊಬ್ಬಳು ನಾನು ಬಿದ್ದ ಗುಂಡಿಗೇ ಬಿದ್ದಳು.

ಬೆಂಗಳೂರಿನಲ್ಲಿ ಜೆಆರ್‌ಎಫ್ (ಸರ್ಕಾರದ ಸಂಶೋಧನಾ ಫೆಲೋಶಿಪ್) ಪಾಸಾದವನು ತನ್ನ ಬುತ್ತಿಯನ್ನು ತಾನೇ ಹೊತ್ತು ತರುತ್ತಾನೆ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ. ಗೈಡ್‌ನ ಜೇಬಿಗೆ ಭಾರವಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ ಮಾತ್ರ ವಿಭಾಗ ನೋಡಿಕೊಳ್ಳುತ್ತದೆ. ಆಮೇಲೆ ನಿಮ್ಮ ಸ್ಟೈಪೆಂಡ್, ಟ್ಯೂಷನ್, ಆರೋಗ್ಯ ವಿಮೆ ಬಹುಮಟ್ಟಿಗೆ ಪಿಐ, ಅಂದರೆ ಲ್ಯಾಬ್ ನಡೆಸುವ ಪ್ರೊಫೆಸರ್, ತಂದ ಅನುದಾನದ ತಲೆಗೇ ಬೀಳುತ್ತವೆ. ನಿಮ್ಮ ಅಮೆರಿಕನ್ ಸಹಪಾಠಿಗೆ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಟಿ32 ಎಂಬ ತರಬೇತಿ ಅನುದಾನ, ಸರ್ಕಾರಿ ವಿಜ್ಞಾನ ನಿಧಿ ಎನ್‌ಎಸ್‌ಎಫ್‌ನ ಸ್ನಾತಕೋತ್ತರ ಸಂಶೋಧನಾ ಫೆಲೋಶಿಪ್ ಇವೆ. ಅವು ಆ ದೇಶದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಉಳ್ಳವರಿಗೆ ಮಾತ್ರ. ಹೀಗಾಗಿ ಒಬ್ಬರೇ ಪಿಐ ಅವನನ್ನು ಸೇರಿಸಿಕೊಂಡು ನಿಮ್ಮನ್ನು ಬಿಟ್ಟರೆ ನಿಮ್ಮ ಕೆಲಸ ಕೆಟ್ಟದ್ದೆಂದು ಕೊರಗಬೇಡಿ. ಸ್ಟೈಪೆಂಡ್ ತಿಂಗಳುಗಟ್ಟಲೆ ತಡವಾಗಿ ಬಂದರೂ, ಹಣ ವಿದ್ಯಾರ್ಥಿಯ ಹೆಸರಿನಲ್ಲಿರುವ ನಮ್ಮ ಪದ್ಧತಿಯೇ ಮೇಲು ಎಂಬುದು ನನ್ನ ಹಟ.

ನನ್ನ ಎರಡನೆಯ ರೊಟೇಷನ್ ಜೀಬ್ರಾಮೀನಿನ ಲ್ಯಾಬ್‌ನಲ್ಲಿ. ರಾತ್ರಿ ಹನ್ನೊಂದರವರೆಗೆ ಭ್ರೂಣಗಳ ಚಿತ್ರ ತೆಗೆಯುತ್ತಿದ್ದೆ. ಪಿಐ ಹೇಳಿದ್ದು: “ನಿನ್ನಂಥವರು ಇಲ್ಲಿದ್ದರೆ ನನಗೆ ಸಂತೋಷ. ಹಣದ ವಿಷಯ ನೋಡೋಣ.” ಮೈಸೂರಿನಲ್ಲಿ ಸಂಬಂಧ ಕೇಳಲು ಹೋದಾಗ “ನೋಡೋಣ” ಎಂದರೆ ಏನರ್ಥವೆಂದು ಹುಟ್ಟಿನಿಂದ ಬಲ್ಲ ನಾನು, ಅದೇ ಮಾತು ಇಂಗ್ಲಿಷಿನಲ್ಲಿ ಬಂದಾಗ ಗುರುತಿಸಲಿಲ್ಲ. ಮೂರನೆಯ ರೊಟೇಷನ್ ಬಿಟ್ಟು ಅಲ್ಲೇ ಮುಂದುವರಿದೆ. ಮೇ ತಿಂಗಳಲ್ಲಿ “ಈ ವರ್ಷ ಯಾರನ್ನೂ ತೆಗೆದುಕೊಳ್ಳಲಾಗದು” ಎಂಬ ಮೇಲ್ ಬಂತು. ಎರಡು ತಿಂಗಳು ಸ್ಟೈಪೆಂಡ್ ಇಲ್ಲ. ಎಫ್-1 ವೀಸಾದಲ್ಲಿ ಹೊರಗೆ ದುಡಿಯುವಂತಿಲ್ಲ. ಪಿಂಚಣಿಯಲ್ಲಿದ್ದ ಅಪ್ಪನಿಂದ ಬಾಡಿಗೆಗೆ ಹಣ ತರಿಸಿಕೊಂಡೆ.

ಪಿಐ ಕೈಯಲ್ಲಿ ಏನಿದೆ ಎಂಬುದು ಗುಟ್ಟೇನೂ ಅಲ್ಲ. ಎನ್‌ಐಎಚ್‌ನ ರಿಪೋರ್ಟರ್ ಎಂಬ ತಾಣದಲ್ಲಿ ಅವರ ಹೆಸರು ಹಾಕಿದರೆ ಎನ್‌ಐಎಚ್ ಕೊಟ್ಟ ಅನುದಾನಗಳೆಲ್ಲ ಕಾಣುತ್ತವೆ. ಆರ್01 ಎಂಬ ದೊಡ್ಡ ಅನುದಾನ ಸಾಮಾನ್ಯವಾಗಿ ನಾಲ್ಕೈದು ವರ್ಷದ್ದು. ಅದು ಯಾವಾಗ ಮುಗಿಯುತ್ತದೆ ಎಂದು ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ, ನಮ್ಮ ದಾವಣಗೆರೆ ಹುಡುಗಿ ಎಡವಿದ್ದು ಅಲ್ಲೇ. ಹೊಸ ಹಣ ಕೊಡದೆ ಅವಧಿಯನ್ನಷ್ಟೇ ಒಂದು ವರ್ಷ ವಿಸ್ತರಿಸುವ ಪದ್ಧತಿಯಿದೆ. ದಿನಾಂಕ ಮುಂದಿದ್ದರೂ ಗಡಿಗೆ ಖಾಲಿಯಿರಬಹುದು. ಪ್ರತಿ ಆರ್ಥಿಕ ವರ್ಷ ಎಷ್ಟು ಮೊತ್ತ ಬಂದಿದೆ ಎಂಬ ಪಟ್ಟಿಯನ್ನೂ ಓದಿ. 2025ರಲ್ಲಿ ಎನ್‌ಐಎಚ್ ಎಷ್ಟೋ ಅನುದಾನಗಳನ್ನು ನಡುವೆಯೇ ರದ್ದುಮಾಡಿದ ಮೇಲೆ ಈ ಪಟ್ಟಿಯನ್ನೂ ಪೂರ್ತಿ ನಂಬುವಂತಿಲ್ಲ.

ಆದ್ದರಿಂದ ರೊಟೇಷನ್ ಶುರುವಾಗುವ ಮೊದಲೇ ಬಾಯಿಬಿಟ್ಟು ಕೇಳಿ: ಮುಂದಿನ ಬೇಸಿಗೆಯಲ್ಲಿ ವಿದೇಶಿ ವಿದ್ಯಾರ್ಥಿಯೊಬ್ಬನನ್ನು ಸೇರಿಸಿಕೊಳ್ಳಲು ನಿಮ್ಮಲ್ಲಿ ಹಣವಿದೆಯೇ? ಗುರುಗಳ ಬಳಿ ಹಣದ ಮಾತೇ ಎಂದು ನಮಗೆ ನಾಲಿಗೆ ಹಿಡಿಯುತ್ತದೆ. ಅವರಿಗೆ ಅದು ದಿನನಿತ್ಯದ ಪ್ರಶ್ನೆ. ಸ್ಪಷ್ಟವಾಗಿ “ಇದೆ” ಎನ್ನದೆ ಹವಾಮಾನ ವರದಿಯಂತೆ ಮಾತನಾಡಿದರೆ, ಲ್ಯಾಬ್ ಎಷ್ಟೇ ಹೆಸರುವಾಸಿಯಾಗಿರಲಿ, ಅಲ್ಲಿಗೆ ಹೋಗಬೇಡಿ. ಲ್ಯಾಬ್‌ನ ಹಿರಿಯ ವಿದ್ಯಾರ್ಥಿಯನ್ನು ಕಾಫಿಗೆ ಕರೆದು ಒಬ್ಬನೇ ಇದ್ದಾಗ ಇದೇ ಪ್ರಶ್ನೆ ಕೇಳಿ. ಪಿಐ ಬಳಿ ಹಣವಿಲ್ಲದೆ ಎಷ್ಟು ಸೆಮಿಸ್ಟರ್ ಪಾಠ ಮಾಡಿ ಸ್ಟೈಪೆಂಡ್ ಗಳಿಸಬೇಕಾಯಿತು ಎಂದು ಅವನು ಹೇಳಿಬಿಡುತ್ತಾನೆ.

ಇಲಿಗಳ ಲ್ಯಾಬ್‌ಗೆ ಹೋಗುವವರಿಗೆ ಇನ್ನೊಂದು ಮಾತು. ಪ್ರಾಣಿ ಬಳಕೆಯ ತರಬೇತಿ, ಅನುಮತಿ ಇಲ್ಲದೆ ಒಳಗೆ ಬಿಡುವುದಿಲ್ಲ. ಎಂಟು ವಾರಗಳಲ್ಲಿ ಎರಡು ವಾರ ಕಾಯುವುದರಲ್ಲೇ ಹೋಗುತ್ತವೆ. ಹಿಂದಿನ ರೊಟೇಷನ್ ನಡೆಯುತ್ತಿರುವಾಗಲೇ ಅರ್ಜಿ ಹಾಕಿ.