ವಿಂಡೋಸ್ ಅಪ್‌ಡೇಟ್ ಆದ ಮೇಲೆ ನನ್ನ ಹಳೆಯ ಫೋಟೋಶಾಪನ್ನು ಸರಿ ಮಾಡಿಕೊಂಡ ಬಗೆ

ನಮ್ಮದು ತಾಲ್ಲೂಕು ಕೇಂದ್ರದ ಒಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್, ನಾಮಕರಣದ ಬ್ಯಾನರ್, ಶ್ರದ್ಧಾಂಜಲಿ ಫೋಟೋ ಎಲ್ಲವೂ ಇಲ್ಲೇ ಆಗಬೇಕು. ಇಷ್ಟಕ್ಕೂ ನಾನು ಇವತ್ತಿಗೂ ನೆಚ್ಚಿಕೊಂಡಿರುವುದು ಫೋಟೋ ತಿದ್ದುವ ಅಡೋಬಿ ಕಂಪನಿಯ ಸಾಫ್ಟ್‌ವೇರ್ ಫೋಟೋಶಾಪಿನ ಸಿಎಸ್6 ಆವೃತ್ತಿ. ಅದು ಬಂದಿದ್ದು 2012ರಲ್ಲಿ. ಅದರ ನಂತರದ ಆವೃತ್ತಿಗಳು ಚಂದಾ ಕಟ್ಟಿದವರಿಗೆ ಮಾತ್ರ. ನನ್ನದು ಬಿಲ್ ಹಾಕಿಸಿ, ಡಿಸ್ಕ್ ಸಮೇತ ಕೊಂಡಿದ್ದು. ಅದರಲ್ಲಿ ಕೈ ಪಳಗಿದೆ, ಆ್ಯಕ್ಷನ್‌ಗಳೆಲ್ಲ (ಒಂದೇ ಒತ್ತಿಗೆ ಸಾಲಾಗಿ ನಡೆಯುವಂತೆ ದಾಖಲಿಸಿಟ್ಟ ಹೆಜ್ಜೆಗಳು) ಅದರಲ್ಲೇ ಇವೆ, ಹಳೆಯ ಆಲ್ಬಮ್‌ಗಳ ಪಿಎಸ್‌ಡಿ (ಫೋಟೋಶಾಪಿನ ಸ್ವಂತ ಮಾದರಿಯ) ಫೈಲ್‌ಗಳೂ ಅದರಲ್ಲೇ ಮಾಡಿದವು. ಬಿಡುವ ಮನಸ್ಸಿಲ್ಲ.

ಸುತ್ತಮುತ್ತಲ ಊರುಗಳ ಸ್ಟುಡಿಯೋದವರೂ ಹಾಗೇ. ಕೆಲವರು ಸಿಎಸ್6, ಇನ್ನು ಕೆಲವರು 2002ರ ಫೋಟೋಶಾಪ್ 7. ಹಾಗಾಗಿ ಆಗಾಗ ಫೋನ್ ಬರುತ್ತದೆ: "ಅಣ್ಣಾ, ರಾತ್ರಿ ಏನೋ ಅಪ್‌ಡೇಟ್ ಹಾಕ್ಕೊಂಡಿದೆ. ಬೆಳಗ್ಗೆಯಿಂದ ಫೋಟೋಶಾಪ್ ಸರಿಯಾಗ್ತಾನೇ ಇಲ್ಲ. ತೆಗೆದು ಮತ್ತೆ ಹಾಕ್ಲಾ?"

ಬೇಡ ಅಂತಲೇ ನಾನು ಮೊದಲು ಹೇಳುವುದು. ಅಪ್‌ಡೇಟ್ ಆದ ಮೇಲೆ ಹಳೆಯ ಸಾಫ್ಟ್‌ವೇರ್ ಹಠ ಹಿಡಿದರೆ ಸಾಮಾನ್ಯವಾಗಿ ಅದು ಕೆಟ್ಟಿರುವುದಿಲ್ಲ. ಅದರ ಸುತ್ತ ಇರುವುದು ಬದಲಾಗಿರುತ್ತದೆ. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಎತ್ತರ ಮಾಡಿದರೆ ಹಳೆಯ ಮನೆಯೊಳಗೆ ನೀರು ನುಗ್ಗುತ್ತದಲ್ಲ, ಹಾಗೆ. ಮನೆ ಕೆಡವಿ ಕಟ್ಟಿದರೆ ಪ್ರಯೋಜನ ಇಲ್ಲ, ನೀರು ಎಲ್ಲಿಂದ ಬರುತ್ತಿದೆ ನೋಡಬೇಕು. ಅದೂ ಅಲ್ಲದೆ, ತೆಗೆದು ಹಾಕಿದರೆ ಆ್ಯಕ್ಟಿವೇಷನ್, ಅಂದರೆ ಲೈಸೆನ್ಸನ್ನು ಆ ಕಂಪ್ಯೂಟರಿಗೆ ನೋಂದಾಯಿಸುವುದು, ಇನ್ನೊಂದು ತಲೆನೋವು. ಸಿಎಸ್6ನ ಒಂದು ಲೈಸೆನ್ಸನ್ನು ಎರಡು ಕಂಪ್ಯೂಟರಿನಲ್ಲಿ ಆ್ಯಕ್ಟಿವೇಟ್ ಮಾಡಬಹುದು. ಹೆಲ್ಪ್ ಮೆನುವಿನಲ್ಲಿ ಡಿಆ್ಯಕ್ಟಿವೇಟ್ ಮಾಡದೆ ಫಾರ್ಮ್ಯಾಟ್ ಹೊಡೆದರೆ ಅದರಲ್ಲಿ ಒಂದು ಜಾಗ ಸುಮ್ನೆ ಹೋಗುತ್ತದೆ.

ನನಗೆ ಈ ವಿಷಯ ಮನದಟ್ಟಾಗಿದ್ದು ರ‍್ಯಾಮ್ ಸಮಸ್ಯೆಯಿಂದ. 2018ರಲ್ಲಿ ವಿಂಡೋಸ್ 10ಕ್ಕೆ 1803 ಎಂಬ ದೊಡ್ಡ ಅಪ್‌ಡೇಟ್ ಬಂತು. ಅದಾದ ಮೇಲೆ ಫೋಟೋಶಾಪ್ ತೆರೆಯುತ್ತಿತ್ತು, ಆದರೆ ಏನು ಮಾಡಹೋದರೂ ರ‍್ಯಾಮ್ ಸಾಲದು ಎನ್ನುತ್ತಿತ್ತು. ಕಂಪ್ಯೂಟರಿನಲ್ಲಿ 8 ಜಿಬಿ ಇತ್ತು. ಎಡಿಟ್ ಮೆನುವಿನಿಂದ ಪ್ರಿಫರೆನ್ಸಸ್, ಅಲ್ಲಿಂದ ಪರ್ಫಾರ್ಮೆನ್ಸ್ ತೆರೆದರೆ ಇನ್ನೂ ವಿಚಿತ್ರ. 'ಆ್ಯನ್ ಇಂಟಿಜರ್ ಬಿಟ್ವೀನ್ 96 ಆ್ಯಂಡ್ 8 ಈಸ್ ರಿಕ್ವೈರ್ಡ್' ಎಂಬ ಸಂದೇಶ. ಕನಿಷ್ಠ 96 ಇರಬೇಕು, ಗರಿಷ್ಠ 8 ಅಂತೆ! ಆ ಸಾಲಿನಲ್ಲೇ ಉತ್ತರ ಇದೆ. ಫೋಟೋಶಾಪ್ ಕನಿಷ್ಠ 96 ಎಂಬಿ ಕೇಳುತ್ತಿದೆ, ಆದರೆ ತನಗೆ ಸಿಗುವುದು ಬರೀ 8 ಎಂಬಿ ಎಂದು ಲೆಕ್ಕ ಹಾಕಿಕೊಂಡಿದೆ. ರ‍್ಯಾಮ್ ಕಡ್ಡಿ ಸರಿ ಇದೆ, ಫೋಟೋಶಾಪೂ ಸರಿ ಇದೆ. ಎಷ್ಟು ರ‍್ಯಾಮ್ ಇದೆ ಎಂದು ತಿಳಿದುಕೊಳ್ಳುವ ದಾರಿಯಲ್ಲಿ ಮಾತ್ರ ಎಡವಟ್ಟಾಗಿದೆ. ಹಾಗಾಗಿ ನಾವೇ ಹೇಳಿಬಿಡಬೇಕು.

ಅದಕ್ಕೆ ಫೋಟೋಶಾಪ್ ಮುಚ್ಚಿ, ಸ್ಟಾರ್ಟ್‌ನಲ್ಲಿ ರೆಜ್‌ಎಡಿಟ್ ಎಂದು ಟೈಪ್ ಮಾಡಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿ ತೆರೆದೆ. ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಅಡೋಬಿ, ಫೋಟೋಶಾಪ್, ಕೊನೆಗೆ 60.0. ಸಿಎಸ್6ಗೆ ಈ 60.0 ಎಂಬುದೇ ಗುರುತು. ಯಾವುದನ್ನೂ ಮುಟ್ಟುವ ಮೊದಲು ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಬೇಕು. ಇದನ್ನು ತಪ್ಪಿಸಲೇಬಾರದು. ಆಮೇಲೆ ಬಲಗಡೆಯ ಖಾಲಿ ಜಾಗದಲ್ಲಿ 32 ಬಿಟ್ ಡಿವರ್ಡ್ (ಅಂಕಿ ಇಡುವ ಖಾನೆ) ಒಂದನ್ನು ಹೊಸದಾಗಿ ಮಾಡಬೇಕು. ಅದರ ಹೆಸರು ಓವರ್‌ರೈಡ್, ಫಿಸಿಕಲ್, ಮೆಮೊರಿ, ಎಂಬಿ. ಈ ನಾಲ್ಕನ್ನೂ ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಸೇರಿಸಿ ಬರೆಯಬೇಕು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಡೆಸಿಮಲ್ ಆರಿಸಿ, 8 ಜಿಬಿಗೆ 8192 ಕೊಟ್ಟೆ. 16 ಜಿಬಿ ಇದ್ದವರು 16384 ಕೊಡಬೇಕು. ಡೆಸಿಮಲ್ ಅಂದರೆ ಹತ್ತರ ಲೆಕ್ಕ, ಅದನ್ನು ಆರಿಸದೆ ಹದಿನಾರರ ಲೆಕ್ಕದ ಹೆಕ್ಸಾದಲ್ಲೇ ಬಿಟ್ಟರೆ ಅಂಕಿ ಬೇರೆಯೇ ಆಗಿಬಿಡುತ್ತದೆ. ಫೋಟೋಶಾಪ್ ತೆರೆದೆ. ಪರ್ಫಾರ್ಮೆನ್ಸ್ ಪುಟ ತಕರಾರಿಲ್ಲದೆ ಬಂತು. ಹೊಸ ರ‍್ಯಾಮ್ ಕೊಳ್ಳಲು ಹೊರಟಿದ್ದ ಎಷ್ಟೋ ಜನರಿಗೆ ಇದನ್ನು ಫೋನಿನಲ್ಲೇ ಹೇಳಿ ಮಾಡಿಸಿದ್ದೇನೆ.

ಎರಡನೆಯದು ನಮ್ಮ ಕನ್ನಡದವರಿಗೇ ಜಾಸ್ತಿ ಕಾಡುವುದು, ಫಾಂಟ್. ಹಳೆಯ ಫೋಟೋಶಾಪಿನಲ್ಲಿ ಯುನಿಕೋಡ್ (ಈಗ ಮೊಬೈಲ್, ನೆಟ್‌ನಲ್ಲಿ ಬಳಸುವ ಮಾದರಿಯ) ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದು ಬೇರೆ ಬೇರೆ ನಿಲ್ಲುತ್ತವೆ. ಅದಕ್ಕೇ ಸ್ಟುಡಿಯೋಗಳಲ್ಲಿ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳು ಇನ್ನೂ ಉಳಿದಿವೆ. ಆ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕುಳಿತಿರುತ್ತವೆ. ಫಾಂಟ್ ಸಿಗದೇ ಹೋದರೆ ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ದುಡ್ಡಿನ ಗುರುತು ಹೀಗೆ ಕಾಣಿಸುತ್ತದೆ. ಮದುಮಕ್ಕಳ ಹೆಸರು ಇರಬೇಕಾದ ಕಡೆ ಇದು ಬಂದರೆ ಹೇಗಾಗಬೇಡ!

2018ರ ಕೊನೆಯ 1809 ಆವೃತ್ತಿಯಿಂದ ವಿಂಡೋಸ್ 10ರಲ್ಲಿ ಒಂದು ಬದಲಾವಣೆ ಬಂತು. ಫಾಂಟ್ ಫೈಲ್ ತೆರೆದು ಇನ್‌ಸ್ಟಾಲ್ ಒತ್ತಿದರೆ ಅದು ಆ ಒಬ್ಬ ಬಳಕೆದಾರನಿಗೆ ಮಾತ್ರ ಸೇರುತ್ತದೆ. ಮೊದಲಿನಂತೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರಿಗೆ ಹೋಗುವುದಿಲ್ಲ, ಬಳಕೆದಾರನ ಸ್ವಂತ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಉಳಿಯುತ್ತದೆ. ಹೊಸ ಸಾಫ್ಟ್‌ವೇರ್‌ಗಳು ಎರಡೂ ಕಡೆ ನೋಡುತ್ತವೆ. ನನ್ನ ಸಿಎಸ್6 ಹಳೆಯ ಜಾಗವನ್ನು ಮಾತ್ರ ನೋಡುತ್ತಿತ್ತು. ಹಾಗಾಗಿ ವರ್ಡ್‌ಪ್ಯಾಡಿನಲ್ಲಿ ನುಡಿ ಫಾಂಟ್ ಇದೆ, ಫೋಟೋಶಾಪಿನ ಪಟ್ಟಿಯಲ್ಲಿ ಇಲ್ಲ. ಪರಿಹಾರ ಸುಲಭ. ಎಲ್ಲ ಫಾಂಟ್ ಫೈಲ್‌ಗಳನ್ನೂ ಒಟ್ಟಿಗೆ ಆರಿಸಿ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್' ಒತ್ತಬೇಕು. ವಿಂಡೋಸ್ 11ರಲ್ಲಿ ಅದು ಎದುರಿಗೇ ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒತ್ತಿ ನೋಡಿ. ಆಮೇಲೆ ಫೋಟೋಶಾಪನ್ನು ಮುಚ್ಚಿ ತೆರೆದರೆ ಆಯಿತು.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಳೆಯ ಪಿಎಸ್‌ಡಿ ತೆರೆದರೆ ಟೆಕ್ಸ್ಟ್ ಲೇಯರ್ (ಅಕ್ಷರಗಳಿರುವ ಪದರ) ಮೇಲೆ ಸಣ್ಣ ತ್ರಿಕೋನದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಬರುತ್ತದೆ. ಆದರೂ ಪರದೆಯಲ್ಲಿ ಹೆಸರು ಸರಿಯಾಗಿಯೇ ಕಾಣುತ್ತದೆ, ಯಾಕೆಂದರೆ ಸೇವ್ ಮಾಡಿದಾಗಿನ ಚಿತ್ರ ಅದರಲ್ಲಿ ಉಳಿದಿರುತ್ತದೆ. ಆ ಲೇಯರನ್ನು ಎಡಿಟ್ ಮಾಡದೇ ಇರುವಷ್ಟು ಹೊತ್ತು ಕ್ಷೇಮ. ಟೆಕ್ಸ್ಟ್ ಲೇಯರ್ ಅಪ್‌ಡೇಟ್ ಮಾಡಲಾ ಎಂದು ಕೇಳಿದರೆ 'ನೋ' ಒತ್ತಿ. ಫಾಂಟ್ ಹಾಕಿಕೊಂಡು ಬಂದು ಆಮೇಲೆ ಮುಟ್ಟಿ.

ಫೋಟೋಶಾಪ್ 7 ಇಟ್ಟುಕೊಂಡವರದು ಬೇರೆ ಕಥೆ. ಅದು ಎಕ್ಸ್‌ಪಿ ಕಾಲದ್ದು. ತನ್ನ ಫೈಲ್‌ಗಳನ್ನು ಎಲ್ಲಿ ಬೇಕಾದರೂ ಬರೆಯಬಹುದು ಎಂಬ ನಂಬಿಕೆಯಲ್ಲಿ ಕಟ್ಟಿದ್ದು. ಅದು ತೆರೆಯದಿದ್ದಾಗ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಗುರುತು ಹಾಕಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ತೆರೆಯುತ್ತದೆ ನಿಜ. ಆದರೆ ಅಂದಿನಿಂದ ಫೋಲ್ಡರಿನಿಂದ ಫೋಟೋ ಎಳೆದು ತಂದು ಫೋಟೋಶಾಪಿನಲ್ಲಿ ಬಿಡಲು ಆಗುವುದಿಲ್ಲ. ಕರ್ಸರ್ ಮೇಲೆ ಅಡ್ಡಗೀಟಿನ ಸೊನ್ನೆ ಬರುತ್ತದೆ. ಫೋಲ್ಡರ್ ಸಾಮಾನ್ಯ ಅಧಿಕಾರದಲ್ಲಿ ಓಡುತ್ತಿರುತ್ತದೆ, ಫೋಟೋಶಾಪ್ ಮೇಲಿನ ಅಧಿಕಾರದಲ್ಲಿ. ಕೆಳಗಿನಿಂದ ಮೇಲಕ್ಕೆ ಏನನ್ನೂ ತಳ್ಳಬಾರದು ಎಂಬುದು ವಿಂಡೋಸಿನ ಭದ್ರತೆಯ ನಿಯಮ. ಇನ್ನೊಂದು ಕಂಪ್ಯೂಟರಿನಿಂದ ನೆಟ್‌ವರ್ಕ್ ಮೂಲಕ ಜೋಡಿಸಿಕೊಂಡ (ಮ್ಯಾಪ್ ಮಾಡಿದ) ಡ್ರೈವ್ ಕೂಡ ಒಮ್ಮೊಮ್ಮೆ ಮಾಯವಾಗುತ್ತದೆ. ಹಾಗಾಗಿ ನಾನು ಆ ಗುರುತು ಹಾಕಿಸುವುದಿಲ್ಲ. ಫೋಟೋಶಾಪಿನ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸಿನ ಸೆಕ್ಯುರಿಟಿಯಲ್ಲಿ ಆ ಬಳಕೆದಾರನಿಗೆ ಬರೆಯುವ ಅನುಮತಿ ಕೊಡಿಸುತ್ತೇನೆ. ಅಷ್ಟರಲ್ಲೇ ಕೆಲಸ ಆಗಿದ್ದು ಹೆಚ್ಚು.

ಸ್ಕ್ರ್ಯಾಚ್ ಡಿಸ್ಕ್ (ಫೋಟೋಶಾಪ್ ತಾತ್ಕಾಲಿಕವಾಗಿ ಬಳಸುವ ಡಿಸ್ಕಿನ ಜಾಗ) ತುಂಬಿದೆ ಎಂಬ ದೂರು ದೊಡ್ಡ ಅಪ್‌ಡೇಟ್ ಆದ ವಾರದಲ್ಲೇ ಬರುವುದಕ್ಕೂ ಕಾರಣ ಇದೆ. ಆ ಸಮಯದಲ್ಲಿ ಹಳೆಯ ವಿಂಡೋಸ್ ಪೂರ್ತಿಯಾಗಿ 'ವಿಂಡೋಸ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ. ಸಿ ಡ್ರೈವಿನಲ್ಲಿ ಹತ್ತಾರು ಜಿಬಿ ಹೋಯಿತು. ಮದುವೆ ಆಲ್ಬಮಿನ 12x36 ಇಂಚಿನ ಶೀಟ್ ಒಂದನ್ನು ಲೆಕ್ಕ ಹಾಕಿ ನೋಡಿ. 300 ರೆಸಲ್ಯೂಷನ್‌ನಲ್ಲಿ (ಇಂಚಿಗೆ 300 ಪಿಕ್ಸೆಲ್) ಅದು 3600 x 10800 ಪಿಕ್ಸೆಲ್. ಒಂದೇ ಲೇಯರ್ ಇದ್ದರೂ ಕೆಳಗಿನ ಪಟ್ಟಿಯಲ್ಲಿ ಸುಮಾರು 111 ಎಂಬಿ ತೋರಿಸುತ್ತದೆ. ಅದರ ಮೇಲೆ ಧಾರೆಯ ಫೋಟೋ, ಹಿನ್ನೆಲೆ, ಹೂವಿನ ಪಿಎನ್‌ಜಿ, ಮಾಸ್ಕ್, ಜೊತೆಗೆ ಹಿಸ್ಟರಿಯ ಒಂದೊಂದು ಹೆಜ್ಜೆ ಸೇರಿದರೆ ಜಿಬಿಗಟ್ಟಲೆ ಜಾಗ ಬೇಕು. ಫೋಟೋಶಾಪ್ ತೆರೆಯುವಾಗಲೇ ಕಂಟ್ರೋಲ್ ಮತ್ತು ಆಲ್ಟ್ ಒತ್ತಿ ಹಿಡಿದರೆ ಸ್ಕ್ರ್ಯಾಚ್ ಡಿಸ್ಕ್ ಆರಿಸುವ ಪೆಟ್ಟಿಗೆ ಬರುತ್ತದೆ. ಅಲ್ಲಿ ಡಿ ಡ್ರೈವ್ ಕೊಟ್ಟರೆ ಆ ಹೊತ್ತಿನ ಕೆಲಸ ನಡೆಯುತ್ತದೆ. ವಿಂಡೋಸ್ ಓಲ್ಡ್ ಅನ್ನು ಆತುರದಲ್ಲಿ ಅಳಿಸಬೇಡಿ. ಸಾಮಾನ್ಯವಾಗಿ 10 ದಿನ ಅದು ಅಲ್ಲಿರುತ್ತದೆ, ಅಷ್ಟರೊಳಗೆ ರಿಕವರಿಯಲ್ಲಿ 'ಗೋ ಬ್ಯಾಕ್' ಒತ್ತಿ ಹಳೆಯದಕ್ಕೆ ಮರಳಬಹುದು. ಸೀಸನ್ನಿನ ಮಧ್ಯೆ ಏನೂ ಸರಿಯಾಗದಿದ್ದರೆ ಅದೇ ದಾರಿ.

ಮೆನುವಿನ ಅಕ್ಷರಗಳು ಇರುವೆಯಷ್ಟು ಸಣ್ಣದಾಗಿ ಕಂಡರೆ ಫೋಟೋಶಾಪ್ ಐಕಾನಿನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್‌ನಲ್ಲಿ ಸಿಸ್ಟಮ್ ಎಂದು ಕೊಡಿ. ಚಿತ್ರ ಸ್ವಲ್ಪ ಮಸುಕಾಗುತ್ತದೆ, ಟಚಪ್ ಮಾಡುವವರು ಅದನ್ನು ನೆನಪಿಟ್ಟುಕೊಳ್ಳಬೇಕು. ಕ್ಯಾನ್ವಾಸ್ ಕಪ್ಪಾದರೆ ಡಿಸ್‌ಪ್ಲೇ ಡ್ರೈವರ್ (ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಬದಲಾಗಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಮಾಡಿ. ಪ್ರಿಂಟ್ ಕೊಟ್ಟ ತಕ್ಷಣ ಮುಚ್ಚಿಕೊಂಡರೆ ಸ್ಪೇಸ್‌ಬಾರ್ ಒತ್ತಿ ಹಿಡಿದು ಫೈಲ್ ಮೆನುವಿನಲ್ಲಿ ಪ್ರಿಂಟ್ ಆರಿಸಿ, ಹಳೆಯ ಪ್ರಿಂಟರ್ ಸೆಟ್ಟಿಂಗ್ ಬಿಟ್ಟು ಹೊಸದಾಗಿ ಶುರುವಾಗುತ್ತದೆ.

ಬಣ್ಣದ ವಿಷಯ ಮಾತ್ರ ನಿಧಾನವಾಗಿ ನೋಡಬೇಕು, ಯಾಕೆಂದರೆ ಅದು ಯಾವ ಎರರ್ ಸಂದೇಶವನ್ನೂ ಕೊಡುವುದಿಲ್ಲ. ಅಪ್‌ಡೇಟ್ ಆದ ಮೇಲೆ ಮಾನಿಟರಿನ ಪ್ರೊಫೈಲ್ (ಬಣ್ಣ ಸರಿಯಾಗಿ ತೋರಿಸಲು ಬೇಕಾದ ಸೆಟ್ಟಿಂಗ್ ಫೈಲ್) ಬಿಟ್ಟುಹೋಗಿರಬಹುದು. ಇಲ್ಲವೇ ನೈಟ್ ಲೈಟ್ ಆನ್ ಆಗಿ ಪರದೆ ಹಳದಿಗೆ ತಿರುಗಿರಬಹುದು. ನಾವು ಆ ಹಳದಿ ಕಳೆಯಲು ನೀಲಿ ಏರಿಸುತ್ತೇವೆ. ಲ್ಯಾಬಿನಿಂದ ಶೀಟ್ ಬಂದಾಗ ಅರಿಶಿನ ಹಚ್ಚಿದ ಮದುಮಗಳ ಮುಖ ಬಿಳಿಚಿ ನೀಲಿಗಟ್ಟಿರುತ್ತದೆ. ಆ ಮನೆಯವರಿಗೆ ಏನು ಹೇಳುವುದು? ಅದಕ್ಕೇ ನಾನು ಹಳೆಯದೊಂದು ಪ್ರಿಂಟ್ ಮತ್ತು ಅದರ ಫೈಲನ್ನು ಜೋಪಾನ ಮಾಡಿಟ್ಟಿದ್ದೇನೆ. ರೇಷ್ಮೆ ಸೀರೆಯ ಕೆಂಪು, ಜರಿ, ಮೈಬಣ್ಣ ಎಲ್ಲ ಅದರಲ್ಲಿದೆ. ಪ್ರತಿ ಅಪ್‌ಡೇಟ್ ಆದ ಮೇಲೂ ಪ್ರಿಂಟನ್ನು ಪರದೆಯ ಪಕ್ಕ ಹಿಡಿದು ನೋಡುತ್ತೇನೆ. ಹೊಂದದಿದ್ದರೆ ಮೊದಲು ನೈಟ್ ಲೈಟ್, ಆಮೇಲೆ ಕಲರ್ ಮ್ಯಾನೇಜ್‌ಮೆಂಟ್ ತೆರೆದು ಮಾನಿಟರಿಗೆ ಸರಿಯಾದ ಪ್ರೊಫೈಲ್ ಡೀಫಾಲ್ಟ್ ಆಗಿದೆಯೇ ಎಂದು ನೋಡುತ್ತೇನೆ. ಅದು ಸರಿಯಾಗುವವರೆಗೆ ಒಂದು ಶೀಟನ್ನೂ ಲ್ಯಾಬಿಗೆ ಕಳಿಸುವುದಿಲ್ಲ.

ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಪ್ರಿಫರೆನ್ಸ್ ರಿಸೆಟ್, ಅಂದರೆ ಸೆಟ್ಟಿಂಗ್‌ಗಳನ್ನೆಲ್ಲ ಮೊದಲಿನ ಸ್ಥಿತಿಗೆ ತರುವುದು: ಫೋಟೋಶಾಪ್ ತೆರೆಯುವಾಗ ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರೂ ಒತ್ತಿ ಹಿಡಿಯುವುದು. ಇದನ್ನು ಎಲ್ಲರೂ ಮೊದಲು ಮಾಡುತ್ತಾರೆ, ನಾನು ಕೊನೆಗೆ ಇಟ್ಟುಕೊಂಡಿದ್ದೇನೆ. ಸೇವ್ ಮಾಡದ ಆ್ಯಕ್ಷನ್‌ಗಳು ಇದರಲ್ಲಿ ಹೋಗಿಬಿಡಬಹುದು. 35x45 ಮಿಲಿಮೀಟರ್ ಪಾಸ್‌ಪೋರ್ಟ್ ಫೋಟೋ ಕತ್ತರಿಸಿ, ಗೆರೆ ಹಾಕಿ, 4x6 ಹಾಳೆಯಲ್ಲಿ ಎಂಟು ಜೋಡಿಸುವ ಆ್ಯಕ್ಷನ್ ಇಲ್ಲದೆ ಶಾಲೆ ಶುರುವಾಗುವ ಜೂನ್ ತಿಂಗಳನ್ನು ದಾಟುವುದು ಕಷ್ಟ. ಆ್ಯಕ್ಷನ್ಸ್ ಪ್ಯಾನೆಲಿನಲ್ಲಿ ಸೆಟ್ ಆರಿಸಿ 'ಸೇವ್ ಆ್ಯಕ್ಷನ್ಸ್' ಕೊಟ್ಟರೆ ಎಟಿಎನ್ ಫೈಲ್ ಆಗುತ್ತದೆ. ಅದು, ಫಾಂಟ್ ಫೋಲ್ಡರ್, ಡಿಸ್ಪ್ಲೇ ಮತ್ತು ಪ್ರಿಂಟರಿನ ಹಳೆಯ ಡ್ರೈವರ್ ಸೆಟಪ್ ಇವೆಲ್ಲ ನನ್ನ ಒಂದು ಪೆನ್‌ಡ್ರೈವಿನಲ್ಲಿ ಸದಾ ಇರುತ್ತವೆ.

ಒಂದು ಕೆಲಸ ಮಾತ್ರ ನಾನು ಯಾರಿಗೂ ಮಾಡಿಕೊಡುವುದಿಲ್ಲ. ಕ್ರ್ಯಾಕ್ ಹಾಕಿದ, ಅಂದರೆ ಕಳ್ಳ ಕಾಪಿಯ ಫೈಲನ್ನು ವಿಂಡೋಸಿನದೇ ಆ್ಯಂಟಿವೈರಸ್ ಡಿಫೆಂಡರ್ ಹಿಡಿದು ಹಾಕಿದಾಗ, ಆ್ಯಂಟಿವೈರಸ್ ಆಫ್ ಮಾಡಿಕೊಡಿ ಎಂದು ಕೇಳುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಊರವರ ಮದುವೆ ಫೋಟೋಗಳೆಲ್ಲ ಇರುತ್ತವೆ, ಅಲ್ವಾ? ಒಂದು ರ‍್ಯಾನ್ಸಮ್‌ವೇರ್ ಬಂದರೆ ಎಲ್ಲಕ್ಕೂ ಬೀಗ, ತೆಗೆಯಲು ಹಣ ಕೇಳುತ್ತಾರೆ.

ಮದುವೆ ಸೀಸನ್ ಶುರುವಾಗುವ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟನ್ನು 35 ದಿನದವರೆಗೆ ನಿಲ್ಲಿಸಿಡುತ್ತೇನೆ. ಸೀಸನ್ ಮುಗಿದ ಮೇಲೆ, ಲ್ಯಾಬಿಗೆ ಹೋಗಬೇಕಾದ್ದೆಲ್ಲ ಹೋದ ಮೇಲೆ, ಕೂತು ಅಪ್‌ಡೇಟ್ ಮಾಡಿ ಮೇಲೆ ಹೇಳಿದ್ದನ್ನೆಲ್ಲ ನೋಡುತ್ತೇನೆ. ಪೂರ್ತಿ ನಿಲ್ಲಿಸುವುದು ಸರಿಯಲ್ಲ, ಭದ್ರತೆಯ ತೇಪೆಗಳೂ ಅದರಲ್ಲೇ ಬರುತ್ತವೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನೆಟ್ ಇರುವ ಕಂಪ್ಯೂಟರನ್ನು ವಿಂಡೋಸ್ 11ಕ್ಕೆ ಏರಿಸಿ, ಸಿಎಸ್6 ಅದರಲ್ಲೂ ಓಡುವಂತೆ ಮಾಡಿಕೊಂಡಿದ್ದೇನೆ. 11ಕ್ಕೆ ಹೊಂದದ ಹಳೆಯ ಕಂಪ್ಯೂಟರಿನ ನೆಟ್ ಕೇಬಲ್ ತೆಗೆದಿದ್ದೇನೆ. ಹಳೆಯ ಆಲ್ಬಮಿಗೆ ಇನ್ನೊಂದು ಪ್ರತಿ ಬೇಕು ಎಂದು ಯಾರಾದರೂ ಬಂದರೆ ಆ ಪಿಎಸ್‌ಡಿಗಳನ್ನು ಅದರಲ್ಲೇ ತೆರೆಯುತ್ತೇನೆ. ಫೈಲ್‌ಗಳು ಅದಕ್ಕೆ ಹೋಗುವುದೂ ಬರುವುದೂ ಸ್ಕ್ಯಾನ್ ಮಾಡಿದ ಪೆನ್‌ಡ್ರೈವಿನಲ್ಲಿ ಮಾತ್ರ.